ಇಪ್ಪತ್ತೆರಡರ ಬೆರಳು

ಗಂಡಸರ ಮೂಳೆ ವಾರ್ಡಿನಲ್ಲಿ ಮೂವತ್ತಾರು ಮಂಚ, ಮಧ್ಯಾಹ್ನದ ಪಾಳಿಗೆ ಇಬ್ಬರು ನರ್ಸ್‌ಗಳು. ಇದು ಗೋಡೆಗೆ ಅಂಟಿಸಿದ ಪಟ್ಟಿಯ ಮಾತು. ಆ ಪಟ್ಟಿ ಬರೆದ ಪುಣ್ಯಾತ್ಮರು ಮಧ್ಯಾಹ್ನದ ಹೊತ್ತು ವಾರ್ಡಿಗೆ ಕಾಲಿಟ್ಟವರಲ್ಲ. ಎರಡು ಗಂಟೆಗೆ ಇಬ್ಬರು ಇರುವುದೇನೋ ನಿಜ. ಎರಡೂಕಾಲು ಗಂಟೆಗೆ ತುರ್ತು ವಿಭಾಗದಿಂದ ಫೋನ್ ಬರುತ್ತದೆ, ಒಬ್ಬಳು ಅತ್ತ ಓಡುತ್ತಾಳೆ. ಉಳಿದವಳ ಕೊರಳಿಗೆ ಮೂವತ್ತಾರು ಗಂಡಸರು, ಜೊತೆಗೆ ಒಬ್ಬ ಆಯಾ. ಅಂದು ಉಳಿದವಳು ಗುಬ್ಬಿ ಸಿಸ್ಟರ್.

ಆಳು ಚಿಕ್ಕದು, ನಡಿಗೆ ಪುಟಪುಟ, ಹಾಗಾಗಿ ಎಂದೋ ಯಾರೋ ಇಟ್ಟ ಹೆಸರು ಅವಳಿಗೆ ಅಂಟಿಕೊಂಡಿತ್ತು. ಹತ್ತೊಂಬತ್ತು ವರ್ಷದಿಂದ ಇದೇ ವಾರ್ಡು. ಬಾಯಿಯ ಎಡಬದಿಯ ಎರಡು ಹಲ್ಲು ಕಟ್ಟಿಸಿದವು. ಆ ಎರಡು ಹಲ್ಲು ಉದುರಿಸಿದವನು ಅಂದು ಇಪ್ಪತ್ತೆರಡನೇ ಮಂಚದ ಮೇಲೆ ಮಲಗಿದ್ದ.

ಈ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಒಂದು ಪದ್ಧತಿ ಇದೆ. ಮಾಡಬೇಕಾಗಿದ್ದೂ ಮಾಡಲಾಗದೆ ಉಳಿದ ಕೆಲಸವನ್ನು ಬಿಳಿ ಟೇಪಿನ ತುಂಡಿನ ಮೇಲೆ ಬರೆದು, ಹೋಗುವವಳು ಬರುವವಳ ಏಪ್ರನ್ನಿಗೆ ಅಂಟಿಸುತ್ತಾಳೆ. ಮಂಚದ ನಂಬರು, ಕೆಲಸ, ಅಷ್ಟೆ. ತುರ್ತಿನದು ಎದೆಯ ಹತ್ತಿರ, ಕಾಯಬಹುದಾದದ್ದು ಕೆಳಗೆ ಏಪ್ರನ್ನಿನ ಅಂಚಿಗೆ. ಕೆಲಸ ಆದರೆ ತುಂಡು ಕಿತ್ತು ಬಿಸಾಡಬೇಕು. ಆಗದಿದ್ದರೆ ಅದು ಮುಂದಿನ ಪಾಳಿಯವಳ ಏಪ್ರನ್ನಿಗೆ ಹಾರುತ್ತದೆ. ಕೆಲವು ತುಂಡುಗಳು ಹೀಗೆ ಹಾರುತ್ತಾ ಹಾರುತ್ತಾ ಅಂಟೇ ಸತ್ತು ಎಲ್ಲೋ ಉದುರಿಹೋಗುತ್ತವೆ. ಆಗ ಆ ಕೆಲಸ ಮಾಡಬೇಕಾದವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ.

"ಹನ್ನೊಂದಾ?" ಗುಬ್ಬಿ ತನ್ನ ಏಪ್ರನ್ ನೋಡಿಕೊಂಡಳು.

"ಹನ್ನೊಂದೇ ಅಂತ ಖುಷಿಪಡಿ ಗುಬ್ಬಕ್ಕ. ನಿಂತ್ಕೊಂಡೇ ಊಟ ಮಾಡಿ ಮೂರು ಕಿತ್ತು ಹಾಕಿದ್ದೀನಿ," ಎಂದಳು ಬೆಳಗಿನ ಪಾಳಿಯವಳು. ಆಮೇಲೆ ಕೈಯಲ್ಲಿ ಉಳಿದ ಹನ್ನೆರಡನೆಯ ತುಂಡನ್ನು ಅಂಟಿಸದೆ ಸುಮ್ಮನೆ ಹಿಡಿದು ನಿಂತಳು. "ಇದೊಂದಿದೆ. ಇಪ್ಪತ್ತೆರಡು. ಬೆಳಿಗ್ಗೆ ಬಂದ. ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿದೆ. ಹನ್ನೆರಡು ಗಂಟೆಗೆ ತೊಡೆಯಿಂದ ಪಾದದ ತನಕ ಪ್ಲಾಸ್ಟರ್ ಹಾಕಿದ್ದಾರೆ. ಗಂಟೆಗೊಂದ್ಸಲ ಬೆರಳು ನೋಡ್ಬೇಕು. ಒಂದು ಗಂಟೆಗೆ ನಾನು ನೋಡ್ದೆ, ಚೆನ್ನಾಗಿತ್ತು."

"ಸರಿ, ಅಂಟ್ಸು."

"ಅವನೇ ಗುಬ್ಬಕ್ಕ. ಆ ವೆಲ್ಡರ್."

ಗುಬ್ಬಿಯ ನಾಲಿಗೆ ತಾನಾಗಿ ಎಡಬದಿಯ ಹಲ್ಲಿನ ಮೇಲೆ ಹೋಯಿತು. "ಅಂಟ್ಸು ಅಂದೆ," ಎಂದಳು.

'22 – ಬೆರಳು.' ಎದೆಯ ಹತ್ತಿರ, ಎಲ್ಲಕ್ಕಿಂತ ಮೇಲೆ.

ಬೆರಳು ನೋಡುವುದೆಂದರೆ ಒಂದು ನಿಮಿಷದ ಕೆಲಸ. ಮುರಿದ ಕಾಲು ಒಳಗೊಳಗೇ ಊದುತ್ತದೆ, ಗಟ್ಟಿಯಾದ ಪ್ಲಾಸ್ಟರ್ ಜಾಗ ಬಿಡುವುದಿಲ್ಲ. ಊತ ಹೆಚ್ಚಾದರೆ ರಕ್ತ ಓಡುವುದು ನಿಂತು, ನಾಲ್ಕಾರು ಗಂಟೆಯಲ್ಲಿ ಒಳಗಿನ ಮಾಂಸ ಸಾಯುತ್ತದೆ. ಪ್ಲಾಸ್ಟರಿನ ತುದಿಯಿಂದ ಹೊರಗಿಣುಕುವ ಐದು ಕಾಲ್ಬೆರಳು ಮಾತ್ರ ಒಳಗಿನ ಸುದ್ದಿ ಹೇಳುತ್ತವೆ. ಬೆಚ್ಚಗಿವೆಯೇ ಎಂದು ಮುಟ್ಟಬೇಕು, ಉಗುರು ಒತ್ತಿ ಬಿಟ್ಟು ಕೆಂಪು ಮರಳುತ್ತದೆಯೇ ನೋಡಬೇಕು, ಬೆರಳು ಆಡಿಸು ಎನ್ನಬೇಕು. ಇಷ್ಟಕ್ಕೆ ಡಾಕ್ಟರಾಗಬೇಕಿಲ್ಲ. ಮಂಚದ ಹತ್ತಿರ ಹೋದರೆ ಸಾಕು.

ಹೋಗುವುದೇ ಕಷ್ಟವಾಗಿತ್ತು. ಎಂಟು ತಿಂಗಳ ಹಿಂದೆ ಅವನ ಅಪ್ಪ ಇದೇ ವಾರ್ಡಿನ ಹದಿನಾಲ್ಕನೇ ಮಂಚದಲ್ಲಿದ್ದ. ಸೊಂಟ ಮುರಿದ ಮುದುಕ, ಯಾರಿಗೂ ತೊಂದರೆ ಕೊಡದ ಜೀವ. ಅಂದೂ ಗುಬ್ಬಿ ಒಬ್ಬಳೇ. ಮೂವತ್ತನೇ ಮಂಚದವನ ಗಾಯ ಬಿಚ್ಚಿಕೊಂಡು ರಕ್ತ ಚಿಮ್ಮುತ್ತಿತ್ತು, ಅವಳು ಎರಡೂ ಕೈ ಒತ್ತಿಕೊಂಡು ಅಲ್ಲೇ ಸಿಕ್ಕಿಬಿದ್ದಿದ್ದಳು. ಮುದುಕನಿಗೆ ಮೂತ್ರದ ಡಬ್ಬಿ ಬೇಕಿತ್ತು. ಕಾದ, ಕಾದ, ಕೊನೆಗೆ ಮಂಚ ಒದ್ದೆ ಮಾಡಲು ನಾಚಿಕೆಯಾಗಿ ತಾನೇ ಇಳಿಯಲು ಹೋದ. ಬಿದ್ದ. ಮಂಚದ ಕಬ್ಬಿಣದ ಕಾಲಿಗೆ ತಲೆ ಬಡಿಯಿತು, ಸಂಜೆಯ ಹೊತ್ತಿಗೆ ಹೆಣವಾದ.

ಮಗ ವರ್ಕ್‌ಶಾಪಿನಿಂದ ನೇರವಾಗಿ ಬಂದಿದ್ದ, ಮೈಮೇಲೆ ಇನ್ನೂ ಕಬ್ಬಿಣದ ಪುಡಿ. "ಯಾವಳು ಡ್ಯೂಟಿಲಿದ್ದೋಳು?" ಎಂದ. ನಾನು ಅಂತ ಗುಬ್ಬಿ ಹೇಳಿ ಮುಗಿಸುವಷ್ಟರಲ್ಲಿ ಗ್ಲೂಕೋಸ್ ಸ್ಟ್ಯಾಂಡು ಎತ್ತಿ ಬೀಸಿದ. ಮೊದಲ ಏಟು ದವಡೆಗೆ. ಎರಡನೆಯದು ತಡೆಯಲು ಎತ್ತಿದ ಕೈಗೆ. ಅವಳು ನೆಲಕ್ಕೆ ಬಿದ್ದ ಮೇಲೆ ಕಾಲಿನಿಂದ ಎಷ್ಟು ಒದ್ದನೋ ಯಾರೂ ಎಣಿಸಲಿಲ್ಲ. ವಾರ್ಡಿನ ತುಂಬ ಗಂಡಸರೇ ಇದ್ದರು, ಮುರಿದ ಕಾಲಿನವರನ್ನು ಬಿಟ್ಟರೂ ಅವರ ಕಡೆಯವರೇ ಇಪ್ಪತ್ತು ಜನ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಓಡಿಬಂದು ಅವನ ಕೈ ಹಿಡಿದು ಎಳೆದದ್ದು ಅವನ ಅಕ್ಕ ಒಬ್ಬಳೇ. ಆಮೇಲೆ ಸೂಪರಿಂಟೆಂಡೆಂಟ್ ಸಾಹೇಬರು ಇಬ್ಬರನ್ನೂ ಕೂರಿಸಿ, ದುಃಖದಲ್ಲಿದ್ದವನು, ಹೊಟ್ಟೆಗೆ ಹಾಕ್ಕೊಳ್ಳಮ್ಮ ಎಂದು ರಾಜಿಪತ್ರಕ್ಕೆ ಸಹಿ ಹಾಕಿಸಿದರು. ಹಲ್ಲು ಅವರದಾಗಿರಲಿಲ್ಲವಲ್ಲ, ಅವರಿಗೆ ಹೊಟ್ಟೆ ದೊಡ್ಡದೇ ಇತ್ತು.

ವಿಚಾರಣೆಯಲ್ಲಿ ಗುಬ್ಬಿ ಹೇಳಿದ್ದು ಒಂದೇ ಮಾತು: "ಅವರು ಕರೆದದ್ದು ನನಗೆ ಕೇಳಿಸಲಿಲ್ಲ." ಆ ಗದ್ದಲದಲ್ಲಿ ಕೇಳಿಸದಿರುವುದು ಸಹಜ ಎಂದು ಎಲ್ಲರೂ ತಲೆ ಆಡಿಸಿದರು. ದೊಡ್ಡಸಿಸ್ಟರ್ ಮಾತ್ರ, ಅಂದರೆ ವಾರ್ಡಿನ ಹಿರಿಯ ನರ್ಸ್, ಅವಳನ್ನು ಪಕ್ಕಕ್ಕೆ ಕರೆದು, "ಕೂಗುವವನ ಹತ್ತಿರ ಸ್ವಲ್ಪ ತಡವಾಗಿ ಹೋದ್ರೂ ನಡೆಯುತ್ತೆ ಕಣೇ. ಸುಮ್ಮನಿರುವವನನ್ನು ಮೊದಲು ನೋಡು," ಎಂದಿದ್ದರು. ಅಂದಿನಿಂದ ಗುಬ್ಬಿ ಅದನ್ನು ವ್ರತದ ಹಾಗೆ ಪಾಲಿಸಿದ್ದಳು.

ಎರಡೂವರೆಗೆ ಅವಳು ಇಪ್ಪತ್ತನೇ ಮಂಚದ ತನಕ ಬಂದಳು. ವೆಲ್ಡರ್ ತಲೆ ತಿರುಗಿಸಿ ನೋಡಿದ. ಗುರುತು ಹಿಡಿದ. ಅವನ ಮುಖದಲ್ಲಿ ಏನಿತ್ತೋ, ನಾಚಿಕೆಯೋ ದ್ವೇಷವೋ, ಅವಳು ನೋಡಲಿಲ್ಲ. ಅವಳಿಗೆ ಕಂಡದ್ದು ಅವನ ಕೈಗಳು. ಕಿಡಿ ಹಾರಿ ಸುಟ್ಟ ಕಪ್ಪು ಚುಕ್ಕಿಗಳಿದ್ದ ದಪ್ಪ ಕೈಗಳು ಹೊದಿಕೆಯ ಮೇಲೆ ಬಿದ್ದಿದ್ದವು. "ಆಮೇಲೆ," ಎಂದುಕೊಂಡಳು. ಎದೆಯ ಮೇಲಿದ್ದ ತುಂಡನ್ನು ಕಿತ್ತು ಏಪ್ರನ್ನಿನ ಅಂಚಿಗೆ ಅಂಟಿಸಿಕೊಂಡು ಹಿಂದಿರುಗಿದಳು.

ಮೂರು ಗಂಟೆಗೆ ಒಂಬತ್ತನೇ ಮಂಚದ ಪೇಂಟರ್ ಎದ್ದು ಕುಳಿತ. ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡವನು. ಆಸ್ಪತ್ರೆಗೆ ಬಂದು ಎರಡು ದಿನ, ಅಂದರೆ ಹೆಂಡ ಮುಟ್ಟದೆ ಎರಡು ದಿನ. ಕಣ್ಣಿಗೆ ಇಲ್ಲದ್ದೆಲ್ಲ ಕಾಣತೊಡಗಿತ್ತು.

"ಗೋಡೆ ತುಂಬಾ ಇರುವೆ! ಒರೆಸ್ರೋ! ಒರೆಸ್ದೆ ಬಣ್ಣ ಹಚ್ತೀರೇನ್ರೋ ಕಳ್ಳ ನನ್ಮಕ್ಳಾ!" ಎಂದು ಅರಚುತ್ತಾ ಕೈಯ ಸೂಜಿ ಕಿತ್ತೆಸೆದ. ರಕ್ತ ಪಕ್ಕದವನ ಊಟದ ತಟ್ಟೆಗೆ ಸಿಡಿಯಿತು. ತಡೆಯಲು ಹೋದ ಆಯಾಳ ಹಣೆಗೆ ಸ್ಟೀಲ್ ಲೋಟದಿಂದ ಬಾರಿಸಿದ. ಹುಬ್ಬು ಸೀಳಿ ಅವಳ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಆಮೇಲೆ ತನ್ನ ಕಾಲಿಗೆ ತೂಕಕ್ಕೆಂದು ಕಟ್ಟಿದ್ದ ಮರಳಿನ ಚೀಲವನ್ನೇ ಬಿಚ್ಚಿಕೊಂಡು ಹಗ್ಗ ಹಿಡಿದು ತಲೆಯ ಮೇಲೆ ಗಿರಗಿರ ತಿರುಗಿಸತೊಡಗಿದ. ಕಿಟಕಿಯ ಗಾಜು ಹೋಯಿತು. ಹತ್ತನೇ ಮಂಚದವನು ಮುರಿದ ಕೈ ಮರೆತು ಮಂಚದ ಕೆಳಗೆ ನುಗ್ಗಿದ.

ಗುಬ್ಬಿ ತಗ್ಗಿ, ಚೀಲ ತಲೆಯ ಮೇಲೆ ಹಾದುಹೋಗುವುದನ್ನು ಕಾದು, ಒಂದೇ ನೆಗೆತಕ್ಕೆ ಅವನ ಎದೆಯ ಮೇಲೆ ಬಿದ್ದಳು. ಅವನು ಅವಳ ಮುಂಗೈಗೆ ಬಾಯಿ ಹಾಕಿದ. ಹಲ್ಲು ಚರ್ಮ ದಾಟಿ ಇಳಿಯಿತು. "ಬಿಡೋ! ಬಿಡೋ ನಾಯಿ!" ಎಂದು ಅವಳು ಅವನ ಮೂಗು ಹಿಡಿದು ತಿರುಚಿದಳು. ನರ್ಸಿಂಗ್ ಶಾಲೆಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಆರು ಜನ ಬಂದು ಅವನ ಕೈಕಾಲು ಅದುಮಿದರು. ಬ್ಯಾಂಡೇಜಿನಿಂದ ಕೈ ಕಟ್ಟಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ ಇಂಜೆಕ್ಷನ್ ಚುಚ್ಚಿ, ಆಯಾಳ ಹುಬ್ಬಿಗೆ ಪಟ್ಟಿ ಹಾಕಿ ತಲೆ ಎತ್ತಿದಾಗ ನಾಲ್ಕಕ್ಕೆ ಹತ್ತು ನಿಮಿಷ.

ಈ ಮುಕ್ಕಾಲು ಗಂಟೆ ಇಪ್ಪತ್ತೆರಡರಿಂದ ಒಂದೇ ಸಮನೆ ಕೂಗು ಬರುತ್ತಿತ್ತು. "ಸಿಸ್ಟ್ರೇ! ಕಾಲು ಸಿಡೀತಿದೆ! ಸಿಸ್ಟ್ರೇ!"

ಅವನ ಅಕ್ಕ ಮೇಜಿನ ಹತ್ತಿರ ಬಂದು ನಿಂತಳು. "ಸಿಸ್ಟ್ರೇ, ಅವನು ನೋವು ತಡ್ಕೊಳ್ಳೋನು. ಕಾದ ಕಬ್ಬಿಣ ಕೈಮೇಲೆ ಬಿದ್ರೂ ಹಾ ಅನ್ನೋನಲ್ಲ. ಇದು ಬೇರೆ ಥರ ಇದೆ. ಒಂದ್ಸಲ ಬಂದು ನೋಡಿ."

"ಮೂಳೆ ಮುರಿದ್ರೆ ನೋವಾಗ್ದೆ ಇನ್ನೇನಮ್ಮಾ? ಇಂಜೆಕ್ಷನ್ ಆರು ಗಂಟೆಗೆ."

"ಇಂಜೆಕ್ಷನ್ ಕೇಳ್ಲಿಲ್ಲ. ನೋಡಿ ಅಂದೆ."

"ಬರ್ತೀನಿ, ಹೋಗಿ."

ಬರ್ತೀನಿ. ಒಂದು ಪಾಳಿಯಲ್ಲಿ ನರ್ಸ್ ಈ ಮಾತನ್ನು ನೂರು ಸಲ ಆಡುತ್ತಾಳೆ. ಆಡಿದಾಗಲೆಲ್ಲ ಬರುವ ಮನಸ್ಸು ಇದ್ದೇ ಇರುತ್ತದೆ. ಬರೀ ಮನಸ್ಸು ಬಂದು ಮಂಚದ ಪಕ್ಕ ನಿಂತರೆ ಯಾರ ಕಾಲೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಐದು ಗಂಟೆಗೆ ಸೂಪರಿಂಟೆಂಡೆಂಟ್ ಸಾಹೇಬರ ತಪಾಸಣೆ. ಅವರು ರೋಗಿಯನ್ನು ನೋಡುವುದಿಲ್ಲ, ಹಾಳೆ ನೋಡುತ್ತಾರೆ. ಹಾಳೆಯಲ್ಲಿ ಚೌಕ ಖಾಲಿ ಕಂಡರೆ ನೋಟೀಸು. ಕೆಲಸ ಉಳಿದದ್ದಕ್ಕೆ ನೋಟೀಸು ಬಂದದ್ದನ್ನು ಗುಬ್ಬಿ ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ, ಚೌಕ ಉಳಿದದ್ದಕ್ಕೆ ಐದು ಬಂದಿದ್ದವು. ಅವಳು ಮೂವತ್ತಾರು ಹಾಳೆ ಎಳೆದುಕೊಂಡು ತುಂಬತೊಡಗಿದಳು. ಇಪ್ಪತ್ತೆರಡರ ಹಾಳೆ ಬಂತು. ಎರಡು ಗಂಟೆ: ಬೆರಳು ಬೆಚ್ಚಗಿವೆ, ಆಡಿಸುತ್ತಾನೆ. ಮೂರು ಗಂಟೆ: ಬೆರಳು ಬೆಚ್ಚಗಿವೆ, ಆಡಿಸುತ್ತಾನೆ. ನಾಲ್ಕು ಗಂಟೆ: ಅದೇ. ಇಂಥ ಚೌಕಗಳನ್ನು ಅವಳು ಹಿಂದೆಯೂ ತುಂಬಿದ್ದಳು, ಎಲ್ಲರೂ ತುಂಬುತ್ತಾರೆ. ಬರೆದು ಮುಗಿಸಿ, ಏಪ್ರನ್ನಿನ ಅಂಚಿನಿಂದ '22 – ಬೆರಳು' ಕಿತ್ತು ಉಂಡೆ ಮಾಡಿ ಬುಟ್ಟಿಗೆ ಎಸೆದಳು.

ಆಮೇಲೆ ಕುರ್ಚಿಗೆ ಒರಗಿ ಎರಡೂ ಕಾಲು ಚಾಚಿ ಕಣ್ಣು ಮುಚ್ಚಿದಳು. ಒಂದು ನಿಮಿಷ, ಹೆಚ್ಚಿಲ್ಲ. ಆ ಒಂದು ನಿಮಿಷ ಇಪ್ಪತ್ತೆರಡಕ್ಕೆ ಸಾಕಾಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಅವನ ಕೂಗು ಕೇಳಿದಳು. ಅವಳ ಹೊಟ್ಟೆಯೊಳಗೆ ಎಲ್ಲೋ ತಣ್ಣಗಾಯಿತು. ಕೂಗಲಿ, ಎಂದುಕೊಂಡಳು. ನಾನೂ ಕೂಗಿದ್ದೆ.

ಸಾಹೇಬರು ಬಂದರು, ಹಾಳೆ ತಿರುವಿದರು, ಗುಡ್ ಎಂದು ಹೋದರು.

ಐದೂ ಇಪ್ಪತ್ತಕ್ಕೆ ಹದಿನೇಳನೇ ಮಂಚದವನಿಗೆ ಮಾತ್ರೆ ಕೊಡುತ್ತಿದ್ದವಳು ಕೈ ತಡೆದು ನಿಂತಳು. ಏನೋ ಇಲ್ಲವಾಗಿತ್ತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಇಪ್ಪತ್ತೆರಡು ಕೂಗುವುದನ್ನು ನಿಲ್ಲಿಸಿದ್ದ.

ಸುಮ್ಮನಿರುವವನನ್ನು ಮೊದಲು ನೋಡು. ಅವಳು ಮಾತ್ರೆಯ ತಟ್ಟೆಯನ್ನು ಅಲ್ಲೇ ಮಂಚದ ಮೇಲೆ ಇಟ್ಟು ಓಡಿದಳು.

ವೆಲ್ಡರ್ ಬೆವರಿನಲ್ಲಿ ತೊಯ್ದು ಮಲಗಿದ್ದ. ಮುಖ ಸುಣ್ಣದ ಬಣ್ಣ. "ಈಗ ಪರವಾಗಿಲ್ಲ," ಎಂದ ಅವಳ ಕಡೆ ನೋಡದೆ. "ಕಾಲೇ ಇಲ್ವೇನೋ ಅನ್ನೋ ಹಂಗೆ ಹಗುರ ಆಗಿದೆ."

"ನಿದ್ದೆ ಬರ್ತಿದೆ ಅಂತಾನೆ, ಮಲಗ್ಲಿ ಬಿಡಿ," ಎಂದಳು ಅವನ ಅಕ್ಕ.

ಗುಬ್ಬಿ ಹೊದಿಕೆ ಎತ್ತಿ ಎಸೆದಳು. ಐದು ಬೆರಳೂ ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನ ಬುಡ ನೇರಳೆ ಹಣ್ಣಿನ ಬಣ್ಣ. ಮುಟ್ಟಿದಳು, ನಲ್ಲಿಯ ನೀರಿನಷ್ಟು ತಣ್ಣಗೆ. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು. ಒತ್ತಿದಲ್ಲಿ ಬಿಳುಪಾಗಿ ಹಾಗೇ ಉಳಿಯಿತು. ಸೂಜಿ ತೆಗೆದು ಚುಚ್ಚಿದಳು. ಅವನು ಚಾವಣಿ ನೋಡುತ್ತಲೇ ಇದ್ದ. ಬೆರಳನ್ನು ಹಿಡಿದು ಮೇಲಕ್ಕೆ ಬಾಗಿಸಿದಳು, ಆಗ ಅವನು ಚೀರಿದ ಚೀರಿಗೆ ವಾರ್ಡೆಲ್ಲ ತಲೆ ಎತ್ತಿತು.

"ಆಯಾ! ಪ್ಲಾಸ್ಟರ್ ರೂಮಿನ ಕೀ!"

"ಪ್ಲಾಸ್ಟರಿನವ ನಾಲ್ಕಕ್ಕೇ ಬೀಗ ಹಾಕ್ಕೊಂಡು ಹೋದ್ನಲ್ಲಮ್ಮಾ!"

ಗುಬ್ಬಿ ಕೈಗೆ ಸಿಕ್ಕ ಗ್ಲೂಕೋಸ್ ಸ್ಟ್ಯಾಂಡು ಎತ್ತಿಕೊಂಡು ಓಡಿದಳು. ಪ್ಲಾಸ್ಟರ್ ಕೋಣೆಯ ಬಾಗಿಲಿಗೆ ಮೇಲರ್ಧ ಗಾಜು. ಬೀಸಿದಳು. ಮೊದಲ ಏಟಿಗೆ ಬಿರುಕು, ಎರಡನೆಯದಕ್ಕೆ ಗಾಜು ಸುರಿದುಬಿತ್ತು. ಮೂರನೆಯ ಏಟು ಬೇಕಿರಲಿಲ್ಲ, ಆದರೂ ಹೊಡೆದಳು. ನಾಲ್ಕನೆಯದನ್ನೂ. ಚೂರುಗಳ ನಡುವೆ ಕೈ ತೂರಿಸಿ ಒಳಗಿನಿಂದ ಬೀಗದ ಗುಂಡಿ ತಿರುಗಿಸಿದಾಗ ಪೇಂಟರ್ ಕಚ್ಚಿದ್ದ ಮುಂಗೈ ಮತ್ತೆ ಹರಿಯಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟರ್ ಕತ್ತರಿಯನ್ನು, ಉದ್ದ ಹಿಡಿಯ ಆ ದೊಡ್ಡ ಕತ್ತರಿಯನ್ನು, ಎಳೆದುಕೊಂಡು ಬಂದಳು.

ಡಾಕ್ಟರ್ ಹೇಳದೆ ನರ್ಸ್ ಪ್ಲಾಸ್ಟರ್ ಮುಟ್ಟಬಾರದು. ಅವಳು ತೊಡೆಯ ಹೊರಬದಿಗೆ ಕತ್ತರಿಯ ಮೂತಿ ತೂರಿಸಿ ಹಿಡಿ ಅದುಮಿದಳು. ಕಟಕ್. ಮತ್ತೆ ತೂರಿಸಿ ಅದುಮಿದಳು. ಪ್ಲಾಸ್ಟರ್ ಇಷ್ಟಿಷ್ಟೇ ಬಾಯಿಬಿಟ್ಟಿತು. ಮೊಣಕಾಲು ದಾಟಿ ಮೀನಖಂಡದ ಹತ್ತಿರ ಬಂದಾಗ ಕತ್ತರಿ ತೂರಲು ಜಾಗವೇ ಇರಲಿಲ್ಲ. ಊದಿದ ಮಾಂಸದ ಮೇಲೆ ಒತ್ತಿಯೇ ನುಗ್ಗಿಸಬೇಕಾಯಿತು.

ವೆಲ್ಡರ್ ಎದ್ದು ಕುಳಿತು ಎರಡೂ ಕೈಯಿಂದ ಅವಳ ಕುತ್ತಿಗೆ ಹಿಡಿದ. "ಸಾಯಿಸ್ತೀನಿ! ಬಿಡು! ಸಾಯಿಸ್ಬಿಡ್ತೀನಿ!"

ಉಸಿರು ಕಟ್ಟಿತು. ಕಣ್ಣ ಮುಂದೆ ಕಪ್ಪು ಚುಕ್ಕಿ ಹಾರಿದವು. ಅವಳು ಕತ್ತರಿ ಬಿಡಲಿಲ್ಲ. "ಸಾಯ್ಸು," ಎಂದಳು ಗೊಗ್ಗರು ದನಿಯಲ್ಲಿ. "ಇದೊಂದು ಮುಗಿಸ್ತೀನಿ, ಆಮೇಲೆ ಸಾಯ್ಸು." ಕಟಕ್. ಅವನ ಅಕ್ಕ ಅವನ ಮುಖಕ್ಕೆ ಫಟಾರನೆ ಬಾರಿಸಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಆಯಾ ಅವನ ಎದೆಯ ಮೇಲೆ ಅಡ್ಡಬಿದ್ದಳು. ಗುಬ್ಬಿ ಪಾದದ ತನಕ ಸೀಳಿ, ಒಳಬದಿಯನ್ನೂ ಸೀಳಿ, ಮೇಲಿನ ಹೋಳನ್ನು ಎರಡೂ ಕೈಯಿಂದ ಮುರಿದು ಎಳೆದಳು. ಒಳಗಿನ ಹತ್ತಿಯನ್ನು ಚರ್ಮ ಕಾಣುವವರೆಗೆ ಕತ್ತರಿಸಿದಳು. ಕಾಲು ಉಬ್ಬಿ ಹೊರಬಂತು. ಬಿಗಿದು ಮಿರುಗುವ ಚರ್ಮ, ಅದರ ಮೇಲೆ ನೀರು ತುಂಬಿದ ಬೊಕ್ಕೆಗಳು. ಬೆರಳು ನೋಡಿದಳು. ಬಣ್ಣ ಬರಲಿಲ್ಲ.

ಗೋಡೆಯ ಫೋನಿಗೆ ಓಡಿ ಆಪರೇಷನ್ ಥಿಯೇಟರಿಗೆ ಹಚ್ಚಿದಳು. ಹಿಂದೆಯೇ ಅವನ ಅಕ್ಕ ಬಂದು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಳು. ಅತ್ತ ಕಡೆ ಯಾರೋ ಫೋನನ್ನು ಮೂಳೆ ಡಾಕ್ಟರ ಕಿವಿಗೆ ಹಿಡಿದರು.

"ಪ್ಲಾಸ್ಟರ್ ಸೀಳಿದ್ಯಾ? ಒಳ್ಳೇದು. ಸೀಳಿದ್ರೂ ಬಣ್ಣ ಬರ್ಲಿಲ್ಲ ಅಂದ್ರೆ ಕಾಲಿನ ಚರ್ಮ ಉದ್ದಕ್ಕೆ ಕೊಯ್ದು ಒತ್ತಡ ಬಿಡಿಸ್ಬೇಕು. ಕೊನೇ ಸಲ ಬೆರಳು ಚೆನ್ನಾಗಿದ್ದದ್ದು ಯಾವಾಗ?"

ಹಾಳೆ ಮುಂದೆಯೇ ಇತ್ತು. ಅವಳದೇ ದುಂಡು ಅಕ್ಷರ. "ನಾಲ್ಕು ಗಂಟೆಗೆ," ಎಂದಿತು ಅವಳ ಬಾಯಿ.

"ನಾಲ್ಕಕ್ಕೆ ಚೆನ್ನಾಗಿತ್ತಾ? ಹಾಗಾದ್ರೆ ಇನ್ನೂ ಹೊತ್ತಿದೆ. ಇಲ್ಲೊಂದು ಸೊಂಟ ತೆರೆದು ಕೂತಿದ್ದೀನಿ. ಇದನ್ನ ಮುಗಿಸಿ ಒಂದು ಗಂಟೇಲಿ ಅವನನ್ನ ತಗೋತೀನಿ."

"ಹೊತ್ತಿದೆಯಂತಾ?" ಪಕ್ಕದಲ್ಲಿ ಅಕ್ಕ ಉಸಿರು ಬಿಟ್ಟಳು. "ದೇವರೇ."

ಇನ್ನೊಂದು ಗಂಟೆ ಎಂದರೆ ಆ ಕಾಲು ಹೋಯಿತು. ನಿಜ ಹೇಳಿದರೆ ತಾನು ಹೋದಂತೆಯೇ. ವಾರ್ಡಿನ ತುಂಬ ಜನ ಕಿವಿ ನಿಮಿರಿಸಿ ನಿಂತಿದ್ದರು, ಮುರಿಯಲು ಅವಳಿಗೆ ಇನ್ನೂ ಮೂವತ್ತು ಹಲ್ಲಿದ್ದವು.

"ಡಾಕ್ಟ್ರೇ, ಫೋನ್ ಇಡಬೇಡಿ," ಎಂದಳು. ದನಿ ತಾನೇ ಏರಿತು. "ನಾಲ್ಕಕ್ಕೆ ನಾನು ನೋಡಿಲ್ಲ. ಸುಳ್ಳು ಬರೆದಿದ್ದೀನಿ. ಮೂರಕ್ಕೂ ನೋಡಿಲ್ಲ, ಎರಡಕ್ಕೂ ನೋಡಿಲ್ಲ. ಒಂದು ಗಂಟೆಯಿಂದ ಆ ಕಾಲನ್ನ ಯಾರೂ ನೋಡಿಲ್ಲ. ಮೂರು ಗಂಟೆಯಿಂದ ಕೂಗ್ತಾನೇ ಇದ್ದ."

ಅತ್ತ ಡಾಕ್ಟರು ಯಾರಿಗೋ ಅಬ್ಬರಿಸಿದ್ದು ಕೇಳಿಸಿತು, "ಪಕ್ಕದ ಟೇಬಲ್ ರೆಡಿ ಮಾಡ್ರೋ!" ಮತ್ತೆ ಅವಳಿಗೆ, "ಈಗಲೇ ತಗೊಂಡ್ ಬಾ. ಈಗಲೇ. ನಿನ್ನ ವಿಷಯ ಆಮೇಲೆ."

ಫೋನ್ ಇಟ್ಟು ತಿರುಗಿದ್ದೇ ತಡ, ಅಕ್ಕನ ಕೈ ಬಂತು. ಎಂಟು ತಿಂಗಳ ಹಿಂದೆ ತಮ್ಮನನ್ನು ತಡೆದ ಅದೇ ಕೈ. ಏಟಿಗೆ ಗುಬ್ಬಿಯ ತಲೆ ಗೋಡೆಗೆ ಬಡಿಯಿತು, ಕಟ್ಟಿಸಿದ ಹಲ್ಲು ಕಳಚಿ ಬಾಯಿಯೊಳಗೆ ಉರುಳಿತು. ಮತ್ತೊಂದು ಏಟು. ಎಲ್ಲಿಂದಲೋ ಒಂದು ಲೋಟ ಹಾರಿಬಂದು ಬೆನ್ನಿಗೆ ಬಿತ್ತು. "ಹೊಡೀರಿ ಅವಳಿಗೆ!" ಎಂದು ಯಾರೋ ಕೂಗಿದರು. ಗುಬ್ಬಿ ಹಲ್ಲನ್ನು ಅಂಗೈಗೆ ಉಗುಳಿ ಜೇಬಿಗೆ ಹಾಕಿಕೊಂಡಳು.

"ಆಮೇಲೆ ಹೊಡೀರಿ. ಟ್ರಾಲಿ ಹಿಡೀರಿ."

ಅಕ್ಕ ಅವಳನ್ನು ಒಂದು ಕ್ಷಣ ದುರುಗುಟ್ಟಿ ನೋಡಿದಳು. ಆಮೇಲೆ ಅಳುತ್ತಾ, ಬಾಯಿತುಂಬ ಬೈಯುತ್ತಾ ಟ್ರಾಲಿಯ ಇನ್ನೊಂದು ತುದಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಅವನನ್ನು ಉದ್ದನೆಯ ವರಾಂಡದಲ್ಲಿ ಓಡುತ್ತಾ ತಳ್ಳಿಕೊಂಡು ಹೋದರು.

ಮರುದಿನ ಮಧ್ಯಾಹ್ನ ದೊಡ್ಡಸಿಸ್ಟರ್ ಒಂದು ಫಾರಂ ತಂದು ಮೇಜಿನ ಮೇಲಿಟ್ಟರು. ಮಾಡದೆ ಉಳಿದ ಕೆಲಸ: ಬೆರಳು ನೋಡಿಲ್ಲ. ಕಾರಣ: ಕೆಳಗೆ ನಾಲ್ಕು ಚೌಕ. ಸಿಬ್ಬಂದಿ ಕೊರತೆ. ಸಾಮಗ್ರಿ ಕೊರತೆ. ತುರ್ತು ಪರಿಸ್ಥಿತಿ. ಇತರೆ.

"ಮೊದಲನೇದಕ್ಕೆ ಗುರುತು ಹಾಕು, ಮೂರನೇದಕ್ಕೂ ಹಾಕು," ಎಂದರು. "ಸುಳ್ಳೇನಲ್ವಲ್ಲ. ಕಾಲು ಉಳೀತು. ಸ್ವಲ್ಪ ಮಾಂಸ ತೆಗೆದಿದ್ದಾರೆ, ನಡಿಗೆ ಸ್ವಲ್ಪ ಕುಂಟಬಹುದು, ಅಷ್ಟೆ. ನಾನು ಮೇಲಿನೋರ ಹತ್ರ ಮಾತಾಡ್ತೀನಿ."

ಗುಬ್ಬಿ ಎರಡಕ್ಕೂ ಗುರುತು ಹಾಕಿದಳು. ಎರಡೂ ನಿಜವೇ. ಆಮೇಲೆ ಇತರೆ ಎಂಬಲ್ಲಿ ದುಂಡಗೆ ಬರೆದಳು: 'ಹೆದರಿಕೆ. ಸಿಟ್ಟು. ಒಂದು ನಿಮಿಷ ಇತ್ತು.'

ದೊಡ್ಡಸಿಸ್ಟರ್ ಓದಿ ಕೆಂಡವಾದರು. "ಹುಚ್ಚು ಹಿಡಿದಿದ್ಯೇನೇ? ಇದನ್ನ ಓದಿದ್ರೆ ಮನೆಗೆ ಕಳಿಸ್ತಾರೆ!"

"ಕಳಿಸ್ಲಿ. ಮೂರು ಗಂಟೆ ಆಯ್ತು, ಬೆರಳು ನೋಡ್ಬೇಕು." ಹಲ್ಲಿಲ್ಲದ ಬಾಯಿಂದ ಮಾತು ಸಿಳ್ಳೆ ಹೊಡೆಯಿತು.

ವೆಲ್ಡರನ ಕಾಲಿಗೆ ಎರಡೂ ಬದಿ ಉದ್ದಕ್ಕೆ ಸೀಳಿ, ಬಾಯಿ ತೆರೆದ ಗಾಯದ ಮೇಲೆ ಬಟ್ಟೆ ಸುತ್ತಿದ್ದರು. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಗುಬ್ಬಿಯ ಕುತ್ತಿಗೆಯ ಮೇಲೆ ಅವನ ಬೆರಳಿನ ಗುರುತು ನೀಲಿಗಟ್ಟಿತ್ತು, ಅವನು ಅದನ್ನೇ ನೋಡಿದ. ಯಾರೂ ಕ್ಷಮೆ ಕೇಳಲಿಲ್ಲ. ಅವಳು ಉಗುರು ಒತ್ತಲು ಬಾಗಿದಾಗ ಅವನು ಕೇಳಿದ:

"ಸಿಸ್ಟ್ರೇ. ಅವತ್ತು ಅಪ್ಪನೂ ನನ್ನ ಹಂಗೇ ಕೂಗಿದ್ರಾ?"

ಉತ್ತರ ಸಿದ್ಧವಿತ್ತು. ಎಂಟು ತಿಂಗಳು ಬಳಸಿ ಬಳಸಿ ನುಣುಪಾದ ಉತ್ತರ. ವಿಚಾರಣೆಯಲ್ಲಿ ಹೇಳಿದ್ದಳು, ಗಂಡನಿಗೆ ಹೇಳಿದ್ದಳು, ಕನ್ನಡಿಗೆ ಹೇಳಿದ್ದಳು.

"ಕೂಗ್ಲಿಲ್ಲ," ಎಂದಳು. "ಮೆಲ್ಲಗೆ ಕರೆದ್ರು. ಎರಡು ಸಲ. ಮಗಳೇ ಅಂತ. ನನಗೆ ಕೇಳಿಸ್ತು. ಬರ್ತೀನಿ ಅಂದೆ."

ಅಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ವೆಲ್ಡರನ ಕೈ ಹೊದಿಕೆಯ ಮೇಲಿಂದ ಎದ್ದಿತು. ಗುಬ್ಬಿ ಕಣ್ಣು ಮುಚ್ಚಿದಳು, ಹಿಂದೆ ಸರಿಯಲಿಲ್ಲ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಆ ಕೈಯಿಂದ ತನ್ನ ಮುಖ ಮುಚ್ಚಿಕೊಂಡು ನಡುಗುತ್ತಿದ್ದ.

ಅವಳು ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು. ಬಿಳುಪು ಹೋಗಿ ಕೆಂಪು ಮರಳಿತು. "ಆಡಿಸಿ," ಎಂದಳು. ತುಂಬ ಹೊತ್ತಿನ ಮೇಲೆ ಬೆರಳು ಒಂದಿಷ್ಟು ಅಲುಗಿತು. ಮೂರು ಗಂಟೆಯ ಚೌಕದಲ್ಲಿ ಅದನ್ನು ಬರೆದಳು.

"ನಾಲ್ಕಕ್ಕೂ ಬರ್ತೀರಾ?" ಮುಖದ ಮೇಲಿನ ಕೈ ತೆಗೆಯದೆ ಕೇಳಿದ.

ಬರ್ತೀನಿ ಎನ್ನಲು ತೆರೆದ ಬಾಯಿಯನ್ನು ಗುಬ್ಬಿ ಮುಚ್ಚಿದಳು. ಜೇಬಿನಿಂದ ಟೇಪಿನ ಸುರುಳಿ ತೆಗೆದು ಒಂದು ತುಂಡು ಹರಿದು, '22 – ಬೆರಳು' ಎಂದು ಬರೆದಳು. ಅವನ ಕೈಯನ್ನು ಮುಖದಿಂದ ಬಿಡಿಸಿ, ಆ ಕಪ್ಪು ಚುಕ್ಕಿಗಳ ಮೇಲೆ ಅದನ್ನು ಒತ್ತಿ ಅಂಟಿಸಿದಳು.

"ನಾಲ್ಕು ದಾಟಿದ್ರೆ ಕೂಗಿ," ಎಂದಳು. "ಜೋರಾಗಿ ಕೂಗಿ. ನಾನು ಬರೋ ತನಕ ನಿಲ್ಲಿಸ್ಬೇಡಿ."

ಆಮೇಲೆ ಇಪ್ಪತ್ತಮೂರಕ್ಕೆ ಹೋದಳು.